ತೋಟದಿಂದ ಬುಟ್ಟಿಗೆ: ಡಾ. ಎಂ. ಎಚ್. ಮರಿಗೌಡ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ, ಬಾಡಿದ ಸೊಪ್ಪಿನ ಬೆಲೆ ಇಳಿಯಲೆಂದು ಸಂಜೆಯವರೆಗೆ ಕಾದು ನಿಲ್ಲುವ ಬಡ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಡಾ. ಮರಿಗೌಡರ ನೆನಪಾಗುತ್ತದೆ.

1916ರಲ್ಲಿ ಮೈಸೂರು ಸೀಮೆಯ ಮಾರಸಿಂಗನಹಳ್ಳಿಯ ರೈತ ಮನೆತನದಲ್ಲಿ ಜನಿಸಿದ ಅವರು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಅಮೆರಿಕದ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಗಳಿಸಿ ಲಾಲ್‌ಬಾಗಿಗೆ ಮರಳಿದರು. ತೋಟಗಾರಿಕೆಯೆಂದರೆ ಅರಮನೆಯ ಅಲಂಕಾರವೆಂಬ ಭಾವನೆ ಇನ್ನೂ ಮಾಸದಿದ್ದ ಕಾಲವದು. ಅವರಾದರೋ ಅದರಲ್ಲಿ ರೈತನ ಬದುಕನ್ನೂ ಜನರ ಆಹಾರವನ್ನೂ ಕಂಡರು. ಸರಕಾರದ ಹಣದಿಂದ ನಾಡಿನಾದ್ಯಂತ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆಸಿ, ರೈತರಿಗೆ ಒಳ್ಳೆಯ ಸಸಿ ದೊರೆಯುವಂತೆ ಮಾಡಿದರು.

ಬೆಳೆದರಷ್ಟೇ ಸಾಲದು, ಬೆಳೆದದ್ದು ಕೆಡುವ ಮುನ್ನ ತಿನ್ನುವವನನ್ನು ಮುಟ್ಟಬೇಕು. 1959ರಲ್ಲಿ ಅವರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಅದೇ ಎಲ್ಲ ಹಣ್ಣು ತರಕಾರಿಗಳನ್ನೂ ಒಳಗೊಂಡು ಹಾಪ್‌ಕಾಮ್ಸ್ ಆಯಿತು. ದಲ್ಲಾಳಿಯ ಹಂಗಿಲ್ಲದೆ ರೈತನ ಬೆಳೆ ನಗರದ ಬೀದಿಬದಿಯ ಮಳಿಗೆಗೆ ಬಂದಿತು.

1992ರಲ್ಲಿ ಮರಿಗೌಡರು ತೀರಿಕೊಂಡರು. ಲಾಲ್‌ಬಾಗಿನ ಹೂಗಳ ನಡುವೆ ಅವರನ್ನು ನೆನೆಯುವುದು ಸುಲಭ. ಆದರೆ ತೋಟಕ್ಕೆ ದೊರೆತ ಸರಕಾರದ ನೆರವು ಬಡವರ ಓಣಿಯ ತನಕವೂ ಬರಬೇಡವೇ? ಅವರು ಹಾಕಿದ ದಾರಿಯ ಕೊನೆಯ ಆ ನಾಲ್ಕು ಹೆಜ್ಜೆ ನಮ್ಮ ಪಾಲಿಗೆ ಉಳಿದಿದೆ.