ಯುದ್ಧಭೂಮಿಯಿಂದ ಬ್ರಹ್ಮಗಿರಿಗೆ: ಬ್ರಿಗೇಡಿಯರ್ ವೀಲರ್ ಕಲಿಸಿದ ಪಾಠ, ಮಾಡಿದ ತಪ್ಪು

ಮೊಳಕಾಲ್ಮುರು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ರೇಷ್ಮೆ ಸೀರೆ. ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿದ ಬಂಡೆಯೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಹಿರಿಯರಿಗೆ ವಿಧೇಯರಾಗಿರಬೇಕು, ಜೀವಿಗಳ ಮೇಲೆ ದಯೆ ಇರಬೇಕು ಎಂಬುದು ಅದರ ಸಾರ.

1947ರಲ್ಲಿ, ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ವರ್ಷದಲ್ಲೇ, ಈ ಬಂಡೆಯ ಸುತ್ತಲಿನ ನೆಲ ಅಗೆಯಲು ಒಬ್ಬ ಬ್ರಿಟಿಷ್ ಬ್ರಿಗೇಡಿಯರ್ ಬಂದರು. ಎರಡು ಮಹಾಯುದ್ಧಗಳಲ್ಲಿ ಹೋರಾಡಿದ್ದ ಅವರ ಹೆಸರು ಮಾರ್ಟಿಮರ್ ವೀಲರ್. ನಮ್ಮ ಪ್ರಾಚೀನ ಇತಿಹಾಸದ ಬಗ್ಗೆ ಇವತ್ತು ನಡೆಯುವ ಅರ್ಧ ಜಗಳಗಳ ಹಿಂದೆ ಈ ಮನುಷ್ಯನ ನೆರಳಿದೆ. ಹಾಗಾಗಿ ಅವರ ಬದುಕನ್ನು ಒಮ್ಮೆ ನೋಡಬೇಕು.

ವೀಲರ್ ಹುಟ್ಟಿದ್ದು 1890ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ಓದಿದ್ದು ಲಂಡನ್ನಿನಲ್ಲಿ. 1913ರಲ್ಲಿ ವ್ರಾಕ್ಸ್‌ಟರ್ ಎಂಬಲ್ಲಿ ರೋಮನ್ ನಗರವೊಂದರ ಉತ್ಖನನಕ್ಕೆ ಹೋದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಮರುವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಅದು ಮುಗಿಯುವಾಗ ಜೊತೆಗಿದ್ದ ಐದು ವಿದ್ಯಾರ್ಥಿಗಳ ಪೈಕಿ ಬದುಕಿ ಉಳಿದದ್ದು ತಾನೊಬ್ಬನೇ ಅಂತ ಅವರು ಮುಂದೆ ನೆನೆಸಿಕೊಂಡಿದ್ದಾರೆ. ಫಿರಂಗಿ ದಳದ ಅಧಿಕಾರಿಯಾಗಿ ಪಾಶೆಂಡೇಲ್‌ನ ಕೆಸರು ಕಂಡರು. 1918ರಲ್ಲಿ ಜರ್ಮನ್ನರ ಫಿರಂಗಿಗಳನ್ನು ವಶಪಡಿಸಿಕೊಂಡು ಮಿಲಿಟರಿ ಕ್ರಾಸ್ ಪದಕ ಪಡೆದರು. ಒಂದು ತಲೆಮಾರಿನ ಯುವ ಪುರಾತತ್ವಜ್ಞರೇ ಇಲ್ಲವಾಗಿದ್ದರು. ಉಳಿದುಕೊಂಡವನೇ ಎಲ್ಲರ ಕೆಲಸ ಮಾಡಬೇಕು ಅನ್ನುವ ಅವಸರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಎರಡು ಯುದ್ಧಗಳ ನಡುವೆ ವೀಲರ್ ಉತ್ಖನನದ ವಿಧಾನವನ್ನೇ ಬದಲಿಸಿದರು. ನೆಲವನ್ನು ಚೌಕಗಳಾಗಿ ಗುರುತಿಸಿ, ಗುಂಡಿಗಳ ನಡುವೆ ಮಣ್ಣಿನ ಗೋಡೆ ಉಳಿಸಿ, ಆ ಗೋಡೆಯ ಮೇಲೆ ಕಾಣುವ ಒಂದೊಂದು ಪದರಕ್ಕೂ ಗುರುತಿನ ಚೀಟಿ ಹಚ್ಚುವ ಕ್ರಮ ಅದು. ಇದರಲ್ಲಿ ಅವರ ಹೆಂಡತಿ ಟೆಸ್ಸಾ ವೀಲರ್ ಪಾಲು ದೊಡ್ಡದು. ನಿವೇಶನದಲ್ಲಿ ನಿಂತು ದಿನನಿತ್ಯದ ಕೆಲಸ ನಡೆಸಿದವರು, ಹುಡುಗ ಹುಡುಗಿಯರಿಗೆ ಕಲಿಸಿದವರು ಟೆಸ್ಸಾ. 1936ರಲ್ಲಿ ಅವರು ತೀರಿಕೊಂಡರು. ವಿಧಾನಕ್ಕೆ ಮಾತ್ರ ಗಂಡನ ಹೆಸರೇ ಅಂಟಿಕೊಂಡಿತು.

1939ರಲ್ಲಿ ಮತ್ತೆ ಯುದ್ಧ. ಐವತ್ತರ ಹತ್ತಿರದ ವೀಲರ್ ಮತ್ತೆ ಸಮವಸ್ತ್ರ ಹಾಕಿದರು. ವಿಮಾನ ಹೊಡೆಯುವ ಫಿರಂಗಿ ದಳ ಕಟ್ಟಿ ಉತ್ತರ ಆಫ್ರಿಕಾಕ್ಕೆ ಹೋದರು, ಎಲ್ ಅಲಮೇನ್‌ನಲ್ಲಿ ಹೋರಾಡಿದರು. ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದ ರೋಮನ್ ಅವಶೇಷಗಳನ್ನು ತಮ್ಮದೇ ಕಡೆಯ ಸೈನಿಕರು ಹಾಳು ಮಾಡದಂತೆ ಕಾವಲಿಗೆ ವ್ಯವಸ್ಥೆ ಮಾಡಿದರು. 1943ರಲ್ಲಿ, ಇಟಲಿಯ ಸಲೆರ್ನೊ ತೀರದಲ್ಲಿ ಸೈನ್ಯ ಇಳಿಸುವ ತಯಾರಿ ನಡೆದಿದ್ದಾಗಲೇ ಭಾರತದಿಂದ ಕರೆ ಬಂತು. ವೈಸರಾಯ್ ಹುದ್ದೆಗೆ ನೇಮಕವಾಗಿದ್ದ ವೇವೆಲ್ ಅವರಿಗೆ ಪುರಾತತ್ವ ಇಲಾಖೆಯನ್ನು ರಿಪೇರಿ ಮಾಡುವವರು ಬೇಕಿತ್ತು. ಸಲೆರ್ನೊ ಮುಗಿಸಿಯೇ ಬರುತ್ತೇನೆ ಎಂದರು ವೀಲರ್. ಹಾಗೇ ಮಾಡಿದರು. 1944ರಲ್ಲಿ ಹಡಗು ಹತ್ತಿ ಬಂದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು.

ಆಗ ಇಲ್ಲಿ ಒಂದು ವಸ್ತು ಎಷ್ಟು ಅಡಿ ಆಳದಲ್ಲಿ ಸಿಕ್ಕಿತು ಅನ್ನೋದರ ಮೇಲೆ ಅದರ ಕಾಲ ಹೇಳುತ್ತಿದ್ದರು. ನೆಲ ಇಳಿಜಾರಾಗಿರುತ್ತೆ, ಹಿಂದಿನವರು ಗುಂಡಿ ತೋಡಿರುತ್ತಾರೆ. ಹತ್ತು ಅಡಿ ಕೆಳಗೆ ಸಿಕ್ಕ ಎರಡು ಮಡಕೆಗಳ ನಡುವೆ ಸಾವಿರ ವರ್ಷದ ಅಂತರವಿರಬಹುದು ಅಲ್ವಾ? ವೀಲರ್ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ತೆರೆದರು. ಬಿ.ಬಿ. ಲಾಲ್, ಬಿ.ಕೆ. ಥಾಪರ್ ಅಂಥವರು ಅಲ್ಲೇ ತಯಾರಾದರು. ಕೆಲಸ ಕಲಿಸಿದ್ದು ನಿಜ. ಸೈನ್ಯದ ಗದರಿಕೆ, ಆಳುವವರ ದರ್ಪ ಜೊತೆಗೇ ಇತ್ತು ಅನ್ನೋದೂ ನಿಜ.

ಬ್ರಹ್ಮಗಿರಿಗೆ ಬಂದದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. 1945ರಲ್ಲಿ ಪಾಂಡಿಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಜೊತೆಗೇ ಸ್ಥಳೀಯ ಮಡಕೆಗಳೂ ಸಿಕ್ಕಿದ್ದವು. ರೋಮನ್ ಮಡಕೆಯ ಕಾಲ ಗೊತ್ತು, ಹಾಗಾಗಿ ಪಕ್ಕದ ಮಡಕೆಯ ಕಾಲವೂ ಸಿಕ್ಕಿತು. ಅದೇ ಜಾತಿಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕರೆ, ಅಲ್ಲಿಂದ ಕೆಳಕ್ಕೆ ಎಣಿಸುತ್ತಾ ಹೋಗಬಹುದು. ಹಾಗೇ ಆಯಿತು. ಮೇಲೆ ಶಾತವಾಹನರ ಕಾಲದ ಬದುಕು. ಅದರ ಕೆಳಗೆ ಕಬ್ಬಿಣ ಬಳಸುತ್ತಿದ್ದ, ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದ ಜನ. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯವರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಬಾರಿಗೆ ಒಂದು ಗಟ್ಟಿ ಏಣಿ ಸಿಕ್ಕಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ. ಇಲ್ಲಿ ಇನ್ನೊಂದು ಹೆಸರು ಮರೆಯಬಾರದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1940ರಲ್ಲೇ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ್ದರು. ವೀಲರ್ ಬಂದದ್ದು ದಾರಿ ಬಿದ್ದ ಮೇಲೆ.

ಇನ್ನು ತಪ್ಪಿನ ಕಥೆ. 1946ರಲ್ಲಿ ಹರಪ್ಪದಲ್ಲಿ ಅಗೆದಾಗ ಕೋಟೆಗೋಡೆ ಕಂಡಿತು. ಮೊಹೆಂಜೊದಾರೊದಲ್ಲಿ ಹಿಂದೆಯೇ ಸಿಕ್ಕಿದ್ದ ಅಸ್ಥಿಪಂಜರಗಳನ್ನು ಇದಕ್ಕೆ ಜೋಡಿಸಿದರು. ಕೋಟೆ ಒಡೆಯುವ ಇಂದ್ರನ ವೈದಿಕ ವರ್ಣನೆಯನ್ನು ಮುಂದಿಟ್ಟು, ಆರ್ಯರ ದಾಳಿಯಲ್ಲಿ ನಡೆದ ಕಗ್ಗೊಲೆ ಇದು ಎಂದು ತೀರ್ಪು ಕೊಟ್ಟರು. ಇಂಗ್ಲೆಂಡಿನ ಮೇಡನ್ ಕ್ಯಾಸಲ್‌ನಲ್ಲೂ ಹೀಗೇ ರೋಮನ್ನರ ಹತ್ಯಾಕಾಂಡ ಕಂಡಿದ್ದರು. ಆ ಕಥೆಯನ್ನೂ ಮುಂದಿನವರು ಪ್ರಶ್ನಿಸಿದ್ದಾರೆ. ಬದುಕಿನ ಹತ್ತಾರು ವರ್ಷ ಯುದ್ಧದಲ್ಲಿ ಕಳೆದವರಿಗೆ ಗೋಡೆ ಕಂಡರೆ ಕೋಟೆ, ಮೂಳೆ ಕಂಡರೆ ಕೊಲೆ ಅನ್ನಿಸಿತೇನೋ.

1964ರಲ್ಲಿ ಜಾರ್ಜ್ ಡೇಲ್ಸ್ ಆ ಅಸ್ಥಿಪಂಜರಗಳ ದಾಖಲೆಯನ್ನು ಮತ್ತೆ ಕೆದಕಿದರು. ಅವು ಒಂದೇ ಪದರಕ್ಕೆ, ಒಂದೇ ಕಾಲಕ್ಕೆ ಸೇರಿದ್ದಲ್ಲ, ಹತ್ಯಾಕಾಂಡ ಬರೀ ಕಲ್ಪನೆ ಎಂದು ತೋರಿಸಿದರು. ಗಮನಿಸಿ: ವೀಲರ್ ಅವರನ್ನು ಸೋಲಿಸಿದ್ದು ವೀಲರ್ ಕಲಿಸಿದ ಪಾಠವೇ. ಪದರ ನೋಡದೆ ತೀರ್ಪು ಕೊಡಬೇಡಿ ಅನ್ನುವ ಪಾಠ.

ಬ್ರಹ್ಮಗಿರಿಯಲ್ಲೂ ಅದೇ ಆಯಿತು. ಕಲ್ಲುಕೊಡಲಿಯ ಕಾಲ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಶುರು, ಬೃಹತ್ ಶಿಲಾ ಗೋರಿಗಳು ಕ್ರಿ.ಪೂ. 200ರ ಹೊತ್ತಿಗೆ ಎಂದಿದ್ದರು ವೀಲರ್. ಆಮೇಲೆ ಇಂಗಾಲದ ಕಾಲಮಾಪನ ಬಂತು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹಿಂದೆ ಸರಿಯಿತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಮುಂದೆ ಇದೇ ನಾಗರಾಜರಾವ್ ವೀಲರ್ ಕೂತಿದ್ದ ಮಹಾನಿರ್ದೇಶಕರ ಕುರ್ಚಿಯಲ್ಲಿ ಕೂತರು. ಏಣಿಯ ಮೆಟ್ಟಿಲು ಉಳಿಯಿತು, ಮೆಟ್ಟಿಲ ಮೇಲಿನ ತಾರೀಖು ಬದಲಾಯಿತು.

1948ರಲ್ಲಿ ಭಾರತದ ಹುದ್ದೆ ಬಿಟ್ಟ ವೀಲರ್ ಪಾಕಿಸ್ತಾನಕ್ಕೂ ಸಲಹೆಗಾರರಾಗಿದ್ದರು. 1952ರಲ್ಲಿ ಸರ್ ಪದವಿ ಬಂತು. ಟೀವಿಯಲ್ಲಿ ಪುರಾತನ ವಸ್ತುಗಳನ್ನು ಗುರುತಿಸುವ ಕಾರ್ಯಕ್ರಮದಿಂದ ಬ್ರಿಟನ್ನಿನ ಮನೆಮಾತಾದರು. 1976ರಲ್ಲಿ ತೀರಿಕೊಂಡರು.

ಈಗ ಕೆಲವರು ಹೇಳ್ತಾರೆ: ವೀಲರ್ ಸುಳ್ಳಾದರು, ಆದ್ದರಿಂದ ವಲಸೆಯೂ ಸುಳ್ಳು. ಇದು ಚತುರ ಕಣ್ಕಟ್ಟು. ಬಿದ್ದುಹೋಗಿದ್ದು ಕಗ್ಗೊಲೆಯ ಕಥೆ. ಹುಲ್ಲುಗಾವಲ ಜನ ಇಲ್ಲಿಗೆ ಬಂದದ್ದಕ್ಕೆ ಭಾಷಾಶಾಸ್ತ್ರದ, ತಳಿವಿಜ್ಞಾನದ ಪುರಾವೆಗಳು ಬೇರೆಯೇ ಇವೆ. ಅವು ವೀಲರ್ ಹೆಗಲ ಮೇಲೆ ನಿಂತಿಲ್ಲ. ಹಾಗೇ, ಇವತ್ತಿಗೂ ಆರ್ಯ ದಾಳಿ ಅಂತ ಭಾಷಣದಲ್ಲಿ ಗುಡುಗುವ ನಮ್ಮ ಕಡೆಯವರೂ ಹಳೆಯ ಬ್ರಿಗೇಡಿಯರ್ ಮಾತನ್ನೇ ಎರವಲು ಪಡೆಯುತ್ತಿದ್ದಾರೆ ಅನ್ನೋದು ಗೊತ್ತಿರಲಿ.

ಇತಿಹಾಸದ ಬಗ್ಗೆ ಯಾರೇ ಆವೇಶದಿಂದ ಮಾತಾಡಲಿ, ಎಡವಿರಲಿ ಬಲವಿರಲಿ, ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಯಾವ ಪದರದಲ್ಲಿ ಸಿಕ್ಕಿದ್ದು? ಬ್ರಹ್ಮಗಿರಿಯ ಮಣ್ಣು ಕಲಿಸಿದ್ದು ಅದನ್ನೇ.