ಸರ್ ಅಲೆಕ್ಸಾಂಡರ್ ಫ್ಲೆಮಿಂಗ್

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ, ಕುಮಟೆಗಳ ಕಡೆ ಗಜನಿ ಎಂಬ ಗದ್ದೆಗಳಿವೆ. ನದಿಯು ಸಮುದ್ರವನ್ನು ಸೇರುವೆಡೆಯಲ್ಲಿರುವ ಈ ಗದ್ದೆಗಳನ್ನು ಒಡ್ಡುಗಳು ಕಾಯುತ್ತವೆ. ಒಡ್ಡು ಒಡೆದರೆ ಆಗುವ ನಷ್ಟ ಮಣ್ಣಿನದಷ್ಟೇ ಅಲ್ಲ. ಆ ಬಿರುಕಿನಿಂದ ಒಳನುಗ್ಗಿದ ಉಪ್ಪುನೀರು ಗದ್ದೆಯಲ್ಲಿ ನಿಂತು ಪೈರನ್ನು ಕೆಡಿಸುತ್ತದೆ. ಮನುಷ್ಯನ ಶ್ವಾಸಕೋಶಕ್ಕೂ ಇಂಥದೊಂದು ಕಾವಲಿದೆ. ಉಸಿರಿನ ನಾಳಗಳ ಒಳಪದರದಲ್ಲಿರುವ ಸೂಕ್ಷ್ಮ ರೋಮಗಳು ಧೂಳನ್ನೂ ರೋಗಾಣುಗಳನ್ನೂ ಸತತವಾಗಿ ಹೊರಕ್ಕೆ ತಳ್ಳುತ್ತಿರುತ್ತವೆ. ಇನ್‌ಫ್ಲುಯೆಂಜದ ವೈರಾಣು ಈ ಪದರವನ್ನು ಹಾಳುಗೆಡವಿದಾಗ, ಅದುವರೆಗೆ ಮೂಗು ಗಂಟಲುಗಳಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಗಳು ಶ್ವಾಸಕೋಶಕ್ಕೆ ಇಳಿಯುತ್ತವೆ, ನ್ಯುಮೋನಿಯ ಉಂಟಾಗುತ್ತದೆ. ಒಂದು ರೋಗದ ಬೆನ್ನಲ್ಲೇ ಬರುವ ಈ ಇನ್ನೊಂದು ರೋಗಕ್ಕೆ ದ್ವಿತೀಯಕ ಸೋಂಕು ಎಂದು ಹೆಸರು. ಎಷ್ಟೋ ವೇಳೆ ರೋಗಿಯ ಪ್ರಾಣವನ್ನು ತೆಗೆಯುವುದು ಮೊದಲನೆಯ ಶತ್ರುವಲ್ಲ, ಈ ಎರಡನೆಯ ಶತ್ರು. ಅದನ್ನು ಎದುರಿಸುವ ಆಯುಧವನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟ ಮಹನೀಯರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಪ್ರಮುಖನು.

ಫ್ಲೆಮಿಂಗನು 1881ನೆಯ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಎಂಬ ಊರಿನ ಸಮೀಪದ ಒಂದು ರೈತ ಕುಟುಂಬದಲ್ಲಿ ಜನಿಸಿದನು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಗುಡ್ಡ ಬಯಲುಗಳನ್ನು ದಾಟಿ ಬಹುದೂರ ನಡೆದು ಶಾಲೆಗೆ ಹೋಗಬೇಕಾಗಿತ್ತು. ಹಾದಿಯಲ್ಲಿ ಹಕ್ಕಿ, ಹುಲ್ಲು, ತೊರೆಗಳನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಅವನಿಗೆ ಆಗಲೇ ಬಂದಿತು. ಹದಿಮೂರನೆಯ ವಯಸ್ಸಿನಲ್ಲಿ ಲಂಡನ್ನಿಗೆ ಬಂದು ಅಣ್ಣನ ಮನೆಯಲ್ಲಿ ನೆಲೆಸಿ ಓದನ್ನು ಮುಂದುವರಿಸಿದನು. ಅನಂತರ ನಾಲ್ಕು ವರ್ಷ ಹಡಗು ಕಂಪನಿಯೊಂದರಲ್ಲಿ ಗುಮಾಸ್ತನಾಗಿ ದುಡಿದನು. ಬಂಧುವೊಬ್ಬರಿಂದ ಬಂದ ಅಲ್ಪ ಆಸ್ತಿಯ ನೆರವಿನಿಂದ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿ, 1906ರಲ್ಲಿ ವೈದ್ಯನಾದನು. ಅಲ್ಲಿಯೇ ಆಲ್ಮ್ರಾತ್ ರೈಟ್ ಎಂಬ ಪ್ರಸಿದ್ಧ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತನು. ಅವನು ಮಿತಭಾಷಿ, ಮಾತಿಗಿಂತ ಅವನ ಕಣ್ಣೂ ಕೈಯೂ ಹೆಚ್ಚು ಕೆಲಸ ಮಾಡುತ್ತಿದ್ದುವು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಫ್ಲೆಮಿಂಗನು ಸೈನ್ಯದ ವೈದ್ಯದಳವನ್ನು ಸೇರಿ ಫ್ರಾನ್ಸಿಗೆ ಹೋದನು. ಗುಂಡೇಟಿಗೆ ಸಾಯದ ಸೈನಿಕರು ಗಾಯ ಕೀವುಗಟ್ಟಿ ಆಸ್ಪತ್ರೆಯ ಹಾಸಿಗೆಯಲ್ಲಿ ಸಾಯುತ್ತಿದ್ದುದನ್ನು ಅವನು ದಿನವೂ ಕಂಡನು. ಅಂದಿನ ವೈದ್ಯರು ಗಾಯಕ್ಕೆ ತೀಕ್ಷ್ಣವಾದ ಕ್ರಿಮಿನಾಶಕಗಳನ್ನು ಸುರಿಯುತ್ತಿದ್ದರು. ಆಳವಾದ ಗಾಯದಲ್ಲಿ ಅವು ಒಳಗೆ ಅಡಗಿದ ರೋಗಾಣುಗಳನ್ನು ಮುಟ್ಟುವುದಿಲ್ಲ, ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತವೆ ಎಂಬುದನ್ನು ಫ್ಲೆಮಿಂಗನು ಪ್ರಯೋಗದಿಂದ ತೋರಿಸಿದನು. ರೋಗಾಣುವನ್ನು ಕೊಲ್ಲುವ, ಆದರೆ ರೋಗಿಯನ್ನು ನೋಯಿಸದ ವಸ್ತು ಎಲ್ಲಿಯಾದರೂ ಇದ್ದೀತೇ ಎಂಬ ಪ್ರಶ್ನೆ ಅವನನ್ನು ಬಿಡದೆ ಹಿಂಬಾಲಿಸಿತು.

ಯುದ್ಧ ಮುಗಿಯುವ ಮುನ್ನವೇ, 1918ರಲ್ಲಿ, ಇನ್‌ಫ್ಲುಯೆಂಜದ ಮಹಾಮಾರಿ ಲೋಕವನ್ನು ಆವರಿಸಿತು. ಹಡಗುಗಳಲ್ಲಿ ಬಂದವರೊಡನೆ ಅದು ಮುಂಬಯಿಗೆ ಬಂದಿಳಿದು ಭಾರತದ ಉದ್ದಗಲಕ್ಕೂ ಹಬ್ಬಿತು. ಆಗ ಕಾರವಾರ, ಅಂಕೋಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಭಾರತವೊಂದರಲ್ಲಿಯೇ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಮಡಿದರೆಂದು ಅಂದಾಜು. ಫ್ರಾನ್ಸಿನ ಸೈನಿಕ ಆಸ್ಪತ್ರೆಗಳೂ ಈ ರೋಗಿಗಳಿಂದ ತುಂಬಿಹೋದುವು. ಜ್ವರ ಬಂದ ಕೆಲವು ದಿನಗಳಲ್ಲಿಯೇ ಹರೆಯದ ಸೈನಿಕರಿಗೆ ನ್ಯುಮೋನಿಯ ಅಡರಿ ಉಸಿರು ನಿಲ್ಲುತ್ತಿತ್ತು. ವೈದ್ಯರ ಕೈಯಲ್ಲಿ ಮದ್ದಿರಲಿಲ್ಲ. ಫೈಫರ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದ ಒಂದು ಬ್ಯಾಕ್ಟೀರಿಯವೇ ಈ ರೋಗದ ಮೂಲವೆಂದು ಆಗ ಅನೇಕರು ನಂಬಿದ್ದರು. ಫ್ಲೆಮಿಂಗನೂ ಆ ಬ್ಯಾಕ್ಟೀರಿಯವನ್ನು ಬೆಳೆಸಿ ಪರೀಕ್ಷಿಸಿ 1919ರಲ್ಲಿ ಲೇಖನಗಳನ್ನು ಪ್ರಕಟಿಸಿದನು. ಮನುಷ್ಯರ ಇನ್‌ಫ್ಲುಯೆಂಜಕ್ಕೆ ಕಾರಣ ವೈರಾಣು ಎಂಬ ಸಂಗತಿ ಸ್ಥಿರವಾದದ್ದು 1933ರಲ್ಲಿ. 1918ರ ಮಹಾಮಾರಿಯಲ್ಲಿ ಮಡಿದವರ ಶ್ವಾಸಕೋಶದ ತುಣುಕುಗಳನ್ನು ಬಹುಕಾಲದ ಮೇಲೆ ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳು, ಹೆಚ್ಚಿನ ಸಾವುಗಳಿಗೆ ಬ್ಯಾಕ್ಟೀರಿಯಗಳ ದ್ವಿತೀಯಕ ಸೋಂಕೇ ಕಾರಣವೆಂದು 2008ರಲ್ಲಿ ತಿಳಿಸಿದರು. ವೈರಾಣು ಒಡ್ಡನ್ನು ಒಡೆದಿತ್ತು; ಗದ್ದೆಯನ್ನು ಕೆಡಿಸಿದುದು ಬೇರೊಂದು.

ಯುದ್ಧಾನಂತರ ಫ್ಲೆಮಿಂಗನು ತನ್ನ ಪ್ರಯೋಗಶಾಲೆಗೆ ಮರಳಿದನು. 1921ರಲ್ಲಿ ಅವನಿಗೆ ನೆಗಡಿಯಾಗಿತ್ತು. ತನ್ನ ಮೂಗಿನ ಸ್ರಾವವನ್ನೇ ಬ್ಯಾಕ್ಟೀರಿಯ ಬೆಳೆಸುವ ಗಾಜಿನ ತಟ್ಟೆಗೆ ಹಾಕಿ ನೋಡಿದಾಗ, ಕೆಲವು ಬ್ಯಾಕ್ಟೀರಿಯಗಳು ಅದರಲ್ಲಿ ಕರಗಿಹೋದುದು ಕಂಡಿತು. ಕಣ್ಣೀರು, ಜೊಲ್ಲುಗಳಲ್ಲಿಯೂ ಇರುವ ಈ ವಸ್ತುವಿಗೆ ಲೈಸೊಜೈಮ್ ಎಂಬ ಹೆಸರು ಬಂದಿತು. ಆದರೆ ಅದು ಉಗ್ರವಾದ ರೋಗಾಣುಗಳೆದುರು ದುರ್ಬಲವಾಗಿತ್ತು.

1928ನೆಯ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದ ಫ್ಲೆಮಿಂಗನು ತಾನು ಬಿಟ್ಟುಹೋಗಿದ್ದ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದನು. ಒಂದರಲ್ಲಿ ಬೂಷ್ಟು ಬೆಳೆದಿತ್ತು. ಬೇರೆಯವರಾಗಿದ್ದರೆ ಕೆಟ್ಟಿತೆಂದು ತೊಳೆದುಬಿಡುತ್ತಿದ್ದರೇನೋ. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ನಾಶವಾಗಿದ್ದುದನ್ನು ಫ್ಲೆಮಿಂಗನ ಕಣ್ಣು ಗುರುತಿಸಿತು. ಆ ಬೂಷ್ಟಿನ ರಸಕ್ಕೆ ಅವನು ಪೆನಿಸಿಲಿನ್ ಎಂದು ಹೆಸರಿಟ್ಟನು. ನ್ಯುಮೋನಿಯವನ್ನು ತರುವ ರೋಗಾಣುಗಳನ್ನು ಅದು ಕೊಲ್ಲುತ್ತಿತ್ತು. ಬಿಳಿಯ ರಕ್ತಕಣಗಳಿಗೆ ಹಾನಿ ಮಾಡುತ್ತಿರಲಿಲ್ಲ. ಫೈಫರನ ಬ್ಯಾಕ್ಟೀರಿಯ ಮಾತ್ರ ಅದಕ್ಕೆ ಜಗ್ಗಲಿಲ್ಲ. ಆದ್ದರಿಂದ ಉಳಿದ ಬ್ಯಾಕ್ಟೀರಿಯಗಳನ್ನು ತೊಡೆದು ಅದೊಂದನ್ನೇ ಬೇರ್ಪಡಿಸಲು ಪೆನಿಸಿಲಿನ್ ನೆರವಾಗುವುದೆಂದು 1929ರ ತನ್ನ ಲೇಖನದಲ್ಲಿ ಅವನು ವಿಶೇಷವಾಗಿ ಹೇಳಿದನು.

ಪೆನಿಸಿಲಿನ್ನನ್ನು ಶುದ್ಧಗೊಳಿಸುವುದು ಫ್ಲೆಮಿಂಗನಿಂದ ಆಗಲಿಲ್ಲ. ಆ ಕಾರ್ಯವನ್ನು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೇನ್ ಮತ್ತು ಅವರ ಸಂಗಡಿಗರು ಸಾಧಿಸಿದರು. 1941ರಲ್ಲಿ ಸೋಂಕಿನಿಂದ ನರಳುತ್ತಿದ್ದ ಒಬ್ಬ ಪೊಲೀಸನಿಗೆ ಅವರು ಅದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡನು. ಆದರೆ ಇದ್ದ ಮದ್ದೆಲ್ಲ ತೀರಿತು. ರೋಗ ಮರುಕಳಿಸಿ ಅವನು ಅಸುನೀಗಿದನು. ಮದ್ದು ಇದೆ, ಸಾಲದು ಎಂಬ ಸಂಕಟವೇ ಅದರ ತಯಾರಿಕೆಯನ್ನು ಚುರುಕುಗೊಳಿಸಿತು. 1944ರ ವೇಳೆಗೆ ಸಾವಿರಾರು ಸೈನಿಕರಿಗೆ ಸಾಲುವಷ್ಟು ಪೆನಿಸಿಲಿನ್ ಸಿದ್ಧವಾಯಿತು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೇನ್ ಮೂವರಿಗೂ ನೊಬೆಲ್ ಬಹುಮಾನ ಸಂದಿತು.

ಕೀರ್ತಿಯ ಶಿಖರದಲ್ಲಿದ್ದಾಗಲೂ ಫ್ಲೆಮಿಂಗನು ಎಚ್ಚರ ತಪ್ಪಲಿಲ್ಲ. ಸಾಲದಷ್ಟು ಮದ್ದು ತಿಂದರೆ ರೋಗಾಣುಗಳು ಸಾಯುವ ಬದಲು ಅದನ್ನು ಎದುರಿಸಲು ಕಲಿಯುತ್ತವೆ ಎಂದು ಬಹುಮಾನ ಪಡೆದ ಸಂದರ್ಭದ ಭಾಷಣದಲ್ಲಿಯೇ ಅವನು ಲೋಕವನ್ನು ಎಚ್ಚರಿಸಿದನು. 1955ನೆಯ ಮಾರ್ಚ್ 11ರಂದು ಅವನು ಲಂಡನ್ನಿನಲ್ಲಿ ನಿಧನ ಹೊಂದಿದನು. ಅದೇ ವರ್ಷ ಪುಣೆಯ ಬಳಿಯ ಪಿಂಪ್ರಿಯಲ್ಲಿ ಭಾರತ ಸರ್ಕಾರದ ಕಾರ್ಖಾನೆ ಪೆನಿಸಿಲಿನ್ ತಯಾರಿಸತೊಡಗಿತು.

ಅವನ ಎಚ್ಚರಿಕೆಯ ಬೆಲೆ ಕೋವಿಡ್ ಕಾಲದಲ್ಲಿ ಮತ್ತೆ ತಿಳಿಯಿತು. 2020ರಲ್ಲಿ ಭಟ್ಕಳದ ರೋಗಿಗಳನ್ನು ಕಾರವಾರಕ್ಕೆ ಕರೆತಂದು ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಉಪಚರಿಸಿದರು. ಕೋವಿಡ್ ಕೂಡ ವೈರಾಣುವಿನ ರೋಗ. ಪೆನಿಸಿಲಿನ್ನಿನಂಥ ಪ್ರತಿಜೈವಿಕಗಳು ವೈರಾಣುವನ್ನು ಕೊಲ್ಲಲಾರವು. ಅವು ಬೇಕಾಗುವುದು ಬ್ಯಾಕ್ಟೀರಿಯ ಬೆನ್ನಟ್ಟಿ ಬಂದಾಗ ಮಾತ್ರ. ಬಹುದಿನ ಹಾಸಿಗೆ ಹಿಡಿದವರಿಗೆ, ಉಸಿರಾಟಕ್ಕೆ ಕೊಳವೆ ಹಾಕಿಸಿಕೊಂಡವರಿಗೆ ಆ ಭಯ ಹೆಚ್ಚು. ಹೀಗಿದ್ದರೂ, ಲೋಕದಾದ್ಯಂತ ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ 8 ಮಂದಿಗಷ್ಟೇ ಬ್ಯಾಕ್ಟೀರಿಯದ ಸೋಂಕಿತ್ತೆಂದೂ ಸುಮಾರು 75 ಮಂದಿಗೆ ಪ್ರತಿಜೈವಿಕಗಳನ್ನು ಕೊಡಲಾಗಿತ್ತೆಂದೂ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. 2021ರಲ್ಲಿ ಕರ್ನಾಟಕದ ಅನೇಕ ಕೋವಿಡ್ ರೋಗಿಗಳನ್ನು, ಅವರಲ್ಲಿಯೂ ಮಧುಮೇಹವಿದ್ದವರನ್ನು, ಕಪ್ಪು ಶಿಲೀಂಧ್ರವೆಂಬ ಬೂಷ್ಟಿನ ಸೋಂಕು ಕಾಡಿತು. ಅದಕ್ಕೆ ಬೇರೆಯದೇ ಮದ್ದು ಬೇಕಾಯಿತು.

ಶತ್ರು ಯಾರೆಂದು ಅರಿಯದೆ ಪ್ರಯೋಗಿಸಿದ ಆಯುಧ ಮೊಂಡಾಗುತ್ತದೆ. ಶುಚಿಯಾದ ಕೈ, ಎಚ್ಚರದ ಶುಶ್ರೂಷೆ, ವೈದ್ಯರು ಹೇಳಿದಾಗ ಮಾತ್ರ ಮತ್ತು ಹೇಳಿದಷ್ಟು ಮದ್ದು – ಇವು ರೋಗಿಯನ್ನೂ ಕಾಯುತ್ತವೆ, ಮದ್ದಿನ ಶಕ್ತಿಯನ್ನೂ ಕಾಯುತ್ತವೆ. ಬೂಷ್ಟು ಹಿಡಿದ ತಟ್ಟೆಯನ್ನು ಎಸೆಯದೆ ನಿಂತು ನೋಡಿದ ಫ್ಲೆಮಿಂಗನಿಂದ ನಾವು ಕಲಿಯಬೇಕಾದುದು ಆ ತಾಳ್ಮೆಯನ್ನು ಮತ್ತು ಆ ವಿವೇಕವನ್ನು.