ಕಮಲಾದೇವಿಯವರ ಬಣ್ಣದ ಸೀರೆ, ಬೆಳ್ಳಿಯ ಸರ

ಕಮಲಾದೇವಿ ಚಟ್ಟೋಪಾಧ್ಯಾಯರ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪಿನವು. ಅವುಗಳಲ್ಲಿ ಸೀರೆಯ ಅಗಲವಾದ ಅಂಚು ಕಾಣುತ್ತದೆ, ಕೊರಳಿನ ದಪ್ಪ ಸರ ಕಾಣುತ್ತದೆ, ಹಣೆಯ ಕುಂಕುಮ, ಮುಡಿಯ ಹೂವು ಕಾಣುತ್ತವೆ. ಕಾಣದೇ ಉಳಿಯುವುದು ಬಣ್ಣವೊಂದೇ. ಆದರೆ ಅವರನ್ನು ಬಲ್ಲವರೆಲ್ಲ ಮೊದಲು ನೆನೆಯುವುದು ಆ ಬಣ್ಣವನ್ನೇ! ಕೈಮಗ್ಗದ ಗಾಢ ವರ್ಣದ ಸೀರೆಗಳು, ಹಳ್ಳಿಯ ಅಕ್ಕಸಾಲಿಗರೂ ಬುಡಕಟ್ಟಿನವರೂ ಕೈಯಾರೆ ಮಾಡಿದ ಬೆಳ್ಳಿ ಮತ್ತು ಮಣಿಯ ಒಡವೆಗಳು. ಬಿಳಿಯ ಖಾದಿಯೇ ದೇಶಭಕ್ತಿಯ ಗುರುತಾಗಿದ್ದ ಕಾಲದಲ್ಲಿ ಈ ಮಂಗಳೂರಿನ ಮಗಳು ಹೀಗೆ ಅಲಂಕರಿಸಿಕೊಂಡು ಸಭೆಗಳಿಗೆ ಬರುತ್ತಿದ್ದರು.

ಇದನ್ನು ಬರಿಯ ಶೋಕಿ ಎನ್ನಲು ಬಾರದು. ಏಕೆಂದರೆ ಅಂದಿನ ಸಂಪ್ರದಾಯದ ಲೆಕ್ಕದಲ್ಲಿ ಕಮಲಾದೇವಿಯವರಿಗೆ ಬಣ್ಣ ಉಡುವ ಹಕ್ಕೇ ಇರಲಿಲ್ಲ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿದವರು, ಸ್ವಂತ ಅಭಿಪ್ರಾಯವುಳ್ಳವರು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆಯೇ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಅವರ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಯವರಿಗೆ ಗೊತ್ತಾದದ್ದು ತಿಂಗಳ ಜೀವನಾಂಶ ಮಾತ್ರ. ಆ ತಾಯಿ ಅದನ್ನು ಬೇಡವೆಂದು ನಿರಾಕರಿಸಿದರು. ತವರಿನಿಂದ ಬಂದದ್ದರಲ್ಲಿಯೇ ಮಗಳನ್ನು ಬೆಳೆಸಿದರು. ಕೊಟ್ಟ ಬಟ್ಟಲನ್ನು ತಳ್ಳಿ ತನ್ನ ಪಾತ್ರೆಯಲ್ಲಿ ಉಣ್ಣುವ ಈ ಗುಣ ಮುಂದೆ ಮಗಳಲ್ಲಿಯೂ ಹಲವು ಸಲ ಕಾಣಿಸಿಕೊಂಡಿತು.

1917ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಕಮಲಾದೇವಿಯವರಿಗೆ ಕೃಷ್ಣರಾವ್ ಎಂಬುವರೊಡನೆ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಮೇಲ್ಜಾತಿಯ ಮನೆಗಳಲ್ಲಿ ಬಾಲವಿಧವೆಯ ಬದುಕು ಎಂಥದ್ದೆಂಬುದನ್ನು ಹಿರಿಯ ಓದುಗರಿಗೆ ವಿವರಿಸಬೇಕಿಲ್ಲ. ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು, ಹೂವಿನತ್ತ ನೋಡಬಾರದು, ಜೀವಮಾನವಿಡೀ ಒಂದೇ ಬಣ್ಣದ ಸೀರೆ, ಮನೆಯ ಒಳಗಿನ ಒಂದು ಮೂಲೆ. ಗಿರಿಜಾಬಾಯಿ ಮಗಳನ್ನು ಆ ಮೂಲೆಗೆ ಕಳಿಸಲಿಲ್ಲ, ಮದ್ರಾಸಿಗೆ ಓದಲು ಕಳಿಸಿದರು. ಅಲ್ಲಿನ ಕ್ವೀನ್ ಮೇರೀಸ್ ಕಾಲೇಜಿನ ದಿನಗಳಲ್ಲಿ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯವರ ಪರಿಚಯವಾಗಿ, ಅವರ ಮೂಲಕ ಸಹೋದರ ಹರೀಂದ್ರನಾಥರ ಪರಿಚಯವಾಯಿತು. ಹರೀಂದ್ರನಾಥರು ಕವಿ, ನಾಟಕಕಾರ, ಹಾಡುಗಾರ, ನಟ ಎಲ್ಲವೂ ಆಗಿದ್ದರು. 1972ರ ಹಿಂದಿ ಚಿತ್ರ ಬಾವರ್ಚಿಯ ಮುಂಗೋಪಿ ಅಜ್ಜನಾಗಿ ನಮ್ಮ ಹಿಂದಿನ ತಲೆಮಾರು ಅವರನ್ನು ಗುರುತಿಸುತ್ತದೆ.

ಇಪ್ಪತ್ತರ ಆಸುಪಾಸಿನಲ್ಲಿ ಕಮಲಾದೇವಿ ಈ ಬಂಗಾಳಿ ಕವಿಯನ್ನು ಕೈಹಿಡಿದರು. ವಿಧವೆಗೆ ಮರುಮದುವೆ, ಅದೂ ಭಾಷೆ, ಜಾತಿ, ಪ್ರಾಂತ್ಯ ಮೂರನ್ನೂ ಮೀರಿ. ಊರಿನಲ್ಲಿ ಸಾಕಷ್ಟು ಗದ್ದಲವೆದ್ದಿತು. ಕಳೆದುಕೊಳ್ಳಬೇಕಾಗಿದ್ದ ಕುಂಕುಮ, ಹೂವು, ಬಳೆಗಳು ಹೀಗೆ ಮರಳಿ ಬಂದವು. ದಾಂಪತ್ಯ ಬಹುಕಾಲ ಬಾಳಲಿಲ್ಲ. ಮಗ ರಾಮಕೃಷ್ಣ ಹುಟ್ಟಿದ ಕೆಲ ವರ್ಷಗಳ ಮೇಲೆ ಇಬ್ಬರೂ ಬೇರೆಯಾದರು. ಗಂಡ ಹೋದರೂ ಬಣ್ಣ ಹೋಗಲಿಲ್ಲ. ಈ ಲೇಖಕನಿಗೆ ಅವರ ಬದುಕಿನಲ್ಲಿ ಅತ್ಯಂತ ಗಮನಾರ್ಹವೆನಿಸುವುದು ಇದೇ. ಹೆಣ್ಣಿನ ಅಲಂಕಾರವೆಂಬುದು ಗಂಡಿನ ಇರುವಿಕೆಗೆ ಹೊಂದಿಕೊಂಡಿರಬೇಕೆಂದು ನಂಬಿದ್ದ ಸಮಾಜದಲ್ಲಿ ಅವರು ಅದನ್ನು ತಮ್ಮ ಸ್ವಂತ ಸ್ವತ್ತಾಗಿಸಿಕೊಂಡರು.

ಮದುವೆಯ ಹೊಸತರಲ್ಲಿ ಗಂಡ ಹೆಂಡತಿ ನಾಟಕಗಳನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಕುಲೀನ ಮನೆತನದ ಹೆಣ್ಣು ಮುಖಕ್ಕೆ ಬಣ್ಣ ಹಚ್ಚುವುದೆಂದರೆ ಮಾನ ಹೋದಂತೆ ಎಂದು ಭಾವಿಸುತ್ತಿದ್ದ ದಿನಗಳವು. ತುಮಕೂರು ಜಿಲ್ಲೆಯ ಗುಬ್ಬಿಯಿಂದ ಹೊರಟ ವೀರಣ್ಣನವರ ಕಂಪನಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಇವರು ಕಾಲೇಜು ಕಲಿತ ಲೋಕದಿಂದ, ಅವರು ವೃತ್ತಿ ಕಂಪನಿಯ ಲೋಕದಿಂದ, ಒಂದೇ ಗೋಡೆಯನ್ನು ಎರಡು ಬದಿಯಿಂದ ಕೆಡವುತ್ತಿದ್ದರೆನ್ನಬಹುದು. ಅಭಿನಯ ಕಲಿಯಲು ಕಮಲಾದೇವಿ ಕೇರಳದ ಕೂಡಿಯಾಟ್ಟಂ ಗುರು ಮಾಣಿ ಮಾಧವ ಚಾಕ್ಯಾರರ ಮನೆಯಲ್ಲಿಯೂ ಇದ್ದು ಬಂದರು.

1931ರಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿಚಿತ್ರ ವಸಂತಸೇನಾದಲ್ಲಿಯೂ ಅವರು ನಟಿಸಿದರು. ಶೂದ್ರಕನ ಮೃಚ್ಛಕಟಿಕವೇ ಅದರ ಕಥೆ. ಚಿನ್ನದ ಬಂಡಿ ಬೇಕೆಂದು ಅಳುವ ಬಡ ಮಗುವಿನ ಮಣ್ಣಿನ ಬಂಡಿಗೆ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನೆಲ್ಲ ಕಳಚಿ ತುಂಬುವ ಕಥೆ. ಕುಂಬಾರನ ಆಟಿಕೆಯೂ ಅಕ್ಕಸಾಲಿಗನ ಆಭರಣವೂ ಒಂದೇ ಗಾಡಿಯಲ್ಲಿ ಕೂಡುವ ಆ ಕಥೆಯಲ್ಲಿ ಮುಂದೆ ದೇಶದ ಕರಕುಶಲ ಲೋಕಕ್ಕೆ ತಾಯಿಯಾಗಲಿದ್ದವರು ನಟಿಸಿದ್ದು ಕಾಕತಾಳೀಯವೇ ಇರಬಹುದು. ಆದರೂ ನೆನೆದರೆ ಖುಷಿಯಾಗುತ್ತದೆ.

ಅವರ ತುಂಟತನ ಉಡುಪಿನಲ್ಲಷ್ಟೇ ಇರಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರನ್ನು ಸೇರಿಸಿಕೊಳ್ಳುವ ವಿಚಾರ ಗಾಂಧೀಜಿಯವರಿಗೆ ಮೊದಲು ಇರಲಿಲ್ಲ. ಕಮಲಾದೇವಿ ಖುದ್ದು ಭೇಟಿಯಾಗಿ ವಾದಿಸಿ ಅವರನ್ನು ಒಪ್ಪಿಸಿದರು. ಆಮೇಲೆ ಮುಂಬಯಿಯ ಕಡಲತೀರದಲ್ಲಿ ಉಪ್ಪು ಮಾಡಿದರು. ಮಾಡಿ ಸುಮ್ಮನಾದರೇ? ಪೊಟ್ಟಣ ಕಟ್ಟಿಕೊಂಡು ಷೇರು ಮಾರುಕಟ್ಟೆಗೆ ನುಗ್ಗಿ ಅಲ್ಲಿನ ದಲಾಲರಿಗೆ ಮಾರಿದರು. ನ್ಯಾಯಾಲಯಕ್ಕೂ ಹೋಗಿ, ಕಾನೂನುಬಾಹಿರವಾದ ಆ ಉಪ್ಪನ್ನು ಕೊಳ್ಳುವಿರಾ ಎಂದು ಮ್ಯಾಜಿಸ್ಟ್ರೇಟರನ್ನೇ ವಿಚಾರಿಸಿದರು! ಕಾನೂನು ಮುರಿಯುವುದರಲ್ಲಿಯೂ ನಗೆಯ ಎಳೆಯೊಂದನ್ನು ನೇಯ್ದ ಈ ಸಾಹಸಕ್ಕೆ ಪ್ರತಿಫಲವಾಗಿ ಸೆರೆಮನೆವಾಸ ದೊರೆಯಿತು.

ರಾಜಕೀಯದ ಉಳಿದ ಘಟ್ಟಗಳು ಪಠ್ಯಪುಸ್ತಕದಲ್ಲಿವೆ. 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. ಅಂತಹ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರ ಸಾಲಿನಲ್ಲಿ ಅವರಿದ್ದಾರೆ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನೆ ಹೊತ್ತರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಆದರೆ 1941ರಲ್ಲಿ ಅಮೆರಿಕದಲ್ಲಿ ನಡೆದದ್ದೊಂದು ಪ್ರಸಂಗವನ್ನು ಇಲ್ಲಿ ಬಿಡಲಾಗದು. ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಬೋಗಿಗಳಿದ್ದ ದಕ್ಷಿಣದ ರಾಜ್ಯಗಳಲ್ಲಿ ಅವರು ರೈಲು ಪ್ರಯಾಣ ಮಾಡುತ್ತಿದ್ದರು. ಬಿಳಿಯರ ಬೋಗಿಯಲ್ಲಿ ಕುಳಿತಿದ್ದ ಅವರನ್ನು ಟಿಕೆಟ್ ಪರೀಕ್ಷಕ ಎದ್ದು ಹೋಗುವಂತೆ ಹೇಳಿದ. ಅವರು ಏಳಲಿಲ್ಲ. ಆತ ಮತ್ತೆ ಬಂದು ಯಾವ ದೇಶದವರೆಂದು ವಿಚಾರಿಸಿದ. ಪರದೇಶದ ಅತಿಥಿ ಎಂದು ಹೇಳಿಕೊಂಡು ಸುಲಭವಾಗಿ ಪಾರಾಗುವ ದಾರಿ ಅಲ್ಲಿತ್ತು. ಕಮಲಾದೇವಿ ಅದನ್ನು ಹಿಡಿಯದೆ, ತಾನೂ ಬಣ್ಣದ ಮೈಯವಳೇ, ಇಲ್ಲಿಂದ ಏಳಲಾರೆ ಎಂಬ ಅರ್ಥದ ಉತ್ತರ ಕೊಟ್ಟು ಕುಳಿತೇ ಇದ್ದರು. ಪರೀಕ್ಷಕ ಗೊಣಗಿಕೊಂಡು ಹೊರಟುಹೋದ. ಒಂದು ದೇಶದಲ್ಲಿ ಸೀರೆಯ ಬಣ್ಣ, ಇನ್ನೊಂದು ದೇಶದಲ್ಲಿ ಚರ್ಮದ ಬಣ್ಣ. ಎರಡನ್ನೂ ಅವರು ಮರೆಮಾಚಲು ಒಪ್ಪಲಿಲ್ಲ.

ಸ್ವಾತಂತ್ರ್ಯ ಬಂದಾಗ ಅವರಿಗೆ 44 ವರ್ಷ. ಜತೆಗಾರರು ಮಂತ್ರಿಗಳಾದರು, ಅವರ ಗಂಡನ ಅಕ್ಕ ಸರೋಜಿನಿ ನಾಯಿಡು ರಾಜ್ಯಪಾಲರಾದರು. ಕಮಲಾದೇವಿ ಹೋದದ್ದು ನಿರಾಶ್ರಿತರ ಬಿಡಾರಗಳಿಗೆ. ವಾಯವ್ಯ ಗಡಿಪ್ರಾಂತ್ಯದಿಂದ ಎಲ್ಲವನ್ನೂ ಬಿಟ್ಟು ಬಂದ ಸಾವಿರಾರು ಕುಟುಂಬಗಳಿಗೆ ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಊರು ಕಟ್ಟಿಸುವ ಕೆಲಸಕ್ಕೆ, 1948ರಲ್ಲಿ ತಾವು ಸ್ಥಾಪಿಸಿದ ಭಾರತೀಯ ಸಹಕಾರ ಸಂಘದ ಮೂಲಕ ತೊಡಗಿದರು. ಮನೆ ಕಟ್ಟಿದರೆ ಸಾಲದು, ಕೈಗೆ ಕೆಲಸವೂ ಬೇಕು. ಆ ಅಗತ್ಯವೇ ಅವರನ್ನು ಮಗ್ಗ, ಕಸೂತಿ, ಕುಂಬಾರಿಕೆಗಳ ಕಡೆಗೆ ಪೂರ್ಣವಾಗಿ ಎಳೆಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾದಾಗ ಅದರ ಹೊಣೆ ಅವರದಾಯಿತು. ದೆಹಲಿಯ ಕೇಂದ್ರೀಯ ಗುಡಿಕೈಗಾರಿಕಾ ಎಂಪೋರಿಯಂ ಅದೇ ವರ್ಷ ಅವರ ಸಹಕಾರ ಸಂಘದ ಆಡಳಿತಕ್ಕೆ ಬಂತು.

ಅದು ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಕನಸಿನ ಕಾಲ. ಕೈಮಗ್ಗದ ಮಾತನಾಡಿದವರು ಹಿಂದಿನ ಶತಮಾನದವರೆಂದು ನಗೆಗೀಡಾಗುತ್ತಿದ್ದರು. ಇಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರು ದಾಟಿದ ಮೇಲೆ ಸಿಗುವ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಸಾಲು ಶೆಡ್ಡುಗಳನ್ನು ನೋಡುವವರಿಗೆ ಗೆದ್ದದ್ದು ಯಾವ ಕನಸೆಂದು ಬಿಡಿಸಿ ಹೇಳಬೇಕಿಲ್ಲ. ಕಮಲಾದೇವಿ ಯಂತ್ರದ ವೈರಿಯೇನೂ ಆಗಿರಲಿಲ್ಲ. ಯಂತ್ರ ಸಾವಿರ ಒಂದೇ ತೆರನ ವಸ್ತುಗಳನ್ನು ಕೊಡಲಿ, ಒಂದರಂತೆ ಇನ್ನೊಂದಿರದ ವಸ್ತುವನ್ನು ಮಾಡುವ ಕೈಗೂ ಊಟ ಸಿಗಲಿ ಎಂಬುದು ಅವರ ನಿಲುವು. ಇದನ್ನು ಅವರು ಕಡತಗಳಲ್ಲಿ ವಾದಿಸಿದರು, ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದರು. ಎಲ್ಲಕ್ಕೂ ಮಿಗಿಲಾಗಿ, ಮೈಮೇಲೆ ಧರಿಸಿಕೊಂಡು ತಿರುಗಿದರು. ನೇಕಾರರ, ಅಕ್ಕಸಾಲಿಗರ ಕೈಕೆಲಸವನ್ನೇ ಉಟ್ಟುತೊಟ್ಟು ಬರುತ್ತಿದ್ದ ಈ ಅಧ್ಯಕ್ಷೆ ಸಭೆಗೆ ಕಾಲಿಟ್ಟರೆ ಅರ್ಧ ಭಾಷಣ ಆಗಲೇ ಮುಗಿದಂತಿರುತ್ತಿತ್ತು.

ಅವರು ಸುತ್ತಿದ ಊರುಗಳಿಗೆ ಲೆಕ್ಕವಿಲ್ಲ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಕಲಮಕಾರಿ ಬಟ್ಟೆಯ ಕಲೆಗೆ 1950ರ ದಶಕದಲ್ಲಿ ತರಬೇತಿ ಕೇಂದ್ರ ತೆರೆಸಿದರು. ಬೆಂಗಳೂರೂ ಸೇರಿದಂತೆ ನಾಲ್ಕು ದೊಡ್ಡ ನಗರಗಳಲ್ಲಿ ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ನೆಲೆಯೂರಿದವು. ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡುವ ಪರಿಪಾಠ 1965ರಲ್ಲಿ ಆರಂಭವಾದದ್ದರ ಹಿಂದೆಯೂ ಅವರ ಒತ್ತಾಸೆಯಿತ್ತು. ಅಲ್ಲಿಯವರೆಗೆ ಹೆಸರಿಲ್ಲದೆ ಬದುಕಿದ್ದ ನೇಕಾರ, ಬಡಗಿ, ಕಂಚುಗಾರರು ಮೊದಲ ಬಾರಿಗೆ ಸ್ವಂತ ಹೆಸರಿನಿಂದ ಕರೆಯಿಸಿಕೊಂಡು ವೇದಿಕೆ ಹತ್ತಿದರು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1955ರ ಪದ್ಮಭೂಷಣ, 1987ರ ಪದ್ಮವಿಭೂಷಣ, 1974ರ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಇತ್ಯಾದಿ ಗೌರವಗಳ ಪಟ್ಟಿ ಉದ್ದವಿದೆ.

ಒಂದು ಆಕ್ಷೇಪವನ್ನು ಮಾತ್ರ ಪ್ರಾಮಾಣಿಕವಾಗಿ ದಾಖಲಿಸಬೇಕು. ಅವರಿಂದಾಗಿ ಕೈಮಗ್ಗದ ಸೀರೆ, ಬುಡಕಟ್ಟಿನ ಬೆಳ್ಳಿಯ ಸರ, ದೊಡ್ಡ ಕುಂಕುಮ ಇವು ಕಾಲಕ್ರಮದಲ್ಲಿ ದೆಹಲಿಯ ಸುಶಿಕ್ಷಿತ ವರ್ಗದ ಒಂದು ಸಮವಸ್ತ್ರವೇ ಆಗಿಹೋದವು. ಇಳಕಲ್ಲಿನ ಸೀರೆ ನೇಯುವವನ ಮನೆಯಾಕೆ ಅದೇ ಸೀರೆಯನ್ನು ಉಡಲಾರದಷ್ಟು ಬೆಲೆ ಏರಿದರೂ ನೇಕಾರನ ಕೂಲಿ ಏರಲಿಲ್ಲ. ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ ಕಸೂತಿ ನಗರದ ಅಂಗಡಿಗೆ ಬಂದಿತು. ತಾಂಡಾದ ಹೊಸ ಪೀಳಿಗೆ ಪಾಲಿಯೆಸ್ಟರ್ ಉಟ್ಟಿತು. ಇದು ಕಮಲಾದೇವಿಯವರ ತಪ್ಪೇ? ಅಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಕುಶಲಕರ್ಮಿಗೆ ಮಧ್ಯವರ್ತಿಯಿಲ್ಲದ ಸಹಕಾರಿ ಮಾರುಕಟ್ಟೆ ಸಿಗಬೇಕೆಂಬುದು ಅವರ ಯೋಜನೆಯ ಅರ್ಧಭಾಗವಾಗಿತ್ತು. ಕೊಂಡವರು ಸೌಂದರ್ಯದ ಅರ್ಧವನ್ನು ಎತ್ತಿಕೊಂಡು ಸಹಕಾರದ ಅರ್ಧವನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದರು.

ಇಷ್ಟು ಬಣ್ಣದಲ್ಲಿ ಬದುಕಿದ ಕಮಲಾದೇವಿ ಮಾತಿನಲ್ಲಿ ಮಾತ್ರ ಮಿತಭಾಷಿ. 1986ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಆತ್ಮಕಥೆಯಲ್ಲಿ ಚಳವಳಿಗಳಿವೆ, ದೇಶ ವಿದೇಶಗಳಿವೆ, ನಾಯಕರಿದ್ದಾರೆ. ಬಾಲ್ಯದಲ್ಲಿಯೇ ಬಂದೆರಗಿದ ವೈಧವ್ಯ, ಒಡೆದ ದಾಂಪತ್ಯ, ಒಂಟಿತನ ಇವುಗಳಿಗಾಗಿ ಹುಡುಕಿದವರಿಗೆ ನಿರಾಶೆ ಕಾದಿದೆ. ತಮ್ಮ ಬಗೆಗೆ ಹೇಳಿಕೊಳ್ಳುವುದು ಅವರಿಗೆ ಒಗ್ಗುತ್ತಿರಲಿಲ್ಲ. ಹೀಗಾಗಿ ಅವರೊಳಗಿನ ಲವಲವಿಕೆಯ, ಹಟದ, ಹುಡುಗಾಟದ ಹೆಣ್ಣನ್ನು ಅರಿಯಬೇಕಾದರೆ ಪುಟಗಳಿಗಿಂತ ಆ ಸೀರೆಯ ಅಂಚುಗಳನ್ನೂ ಕೊರಳ ಸರಗಳನ್ನೂ ನೋಡುವುದೇ ಮೇಲು.

1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, 85ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅಂತರಜಾಲದ ಹೊಸ ಪೀಳಿಗೆಯ ಅನೇಕರು ಅವರ ಹೆಸರನ್ನು ಮೊದಲು ಕಂಡದ್ದು 2018ರ ಏಪ್ರಿಲ್ 3ರಂದು, 115ನೆಯ ಜನ್ಮದಿನಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ. ಕುಣಿಯುವವರು, ವಾದ್ಯ ನುಡಿಸುವವರು, ಬೊಂಬೆಯಾಟ, ಬುಟ್ಟಿ ಹೆಣಿಗೆ, ಕಸೂತಿಗಳ ನಡುವೆ ನಿಂತ ಆ ಚಿತ್ರ ಕಪ್ಪು ಬಿಳುಪಿನದಾಗಿರಲಿಲ್ಲ.